ಚಿಗವ್ವ ತಂದ ಡಿವಿಡಿ

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕಂಬಗಳಿದ್ದವು. ಟಿವಿಗೆ ನೇರವಾಗಿದ್ದ ಕಂಬಕ್ಕೆ ಬೆನ್ನು ಕೊಟ್ಟು ಕೂರುವುದು ಅಜ್ಜಿಯೊಬ್ಬಳ ಹಕ್ಕು. ಇನ್ನೊಂದು ಕಂಬ ಅಪ್ಪನದು. ಅಪ್ಪನ ತಮ್ಮ, ನಮ್ಮ ಚಿಗಪ್ಪ, ಹಗ್ಗದ ಸಿಂಬಿಗಳಿಗೆ ಒರಗಿ ಕೂರುತ್ತಿದ್ದ. ಮನೆಯ ಮುಂಭಾಗವೇ ನಮ್ಮ ಅಂಗಡಿ. ಹಗ್ಗ, ಕಣ್ಣಿ, ಕುಡುಗೋಲು, ಬುಟ್ಟಿ ಮಾರುತ್ತಿದ್ದೆವು, ಅಲ್ಲಿ ಹಿಡಿಯದ ಸರಕೆಲ್ಲ ಪಡಸಾಲೆಗೆ ನುಗ್ಗಿ ಬರುತ್ತಿತ್ತು. ಅವ್ವ ಅಡುಗೆಮನೆಯ ಹೊಸ್ತಿಲಾಚೆ, ಅರ್ಧ ಟಿವಿ ಅರ್ಧ ಒಲೆ ಕಾಣುವ ಹಾಗೆ ಕೂರುತ್ತಿದ್ದಳು. ನಾನು ಅಜ್ಜಿಯ ಮೊಣಕಾಲಿಗೆ ಅಂಟಿಕೊಂಡು. ಕೊಟ್ಟೂರಿನ ಆ ಮಾಳಿಗೆ ಮನೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಚಿಗಪ್ಪನ ಲಗ್ನವಾಗಿ ಚಿಗವ್ವ ಬಂದ ಮೊದಲ ಸಂಜೆ, ಪಾಪ, ತಿಳಿಯದೆ ಅಜ್ಜಿಯ ಕಂಬಕ್ಕೇ ಒರಗಿ ಕೂತುಬಿಟ್ಟಳು. ಅಜ್ಜಿ ಹೋಗಿ ಅವಳ ಎದುರಿಗೆ ನಿಂತಳು, ಅಷ್ಟೆ. ಚಿಗವ್ವ ಸೀರೆ ಕಾಲಿಗೆ ಸಿಕ್ಕಿಸಿಕೊಳ್ಳುತ್ತ ಎದ್ದು ಅಡುಗೆಮನೆಗೆ ಹೋದಳು. ಅವಳ ಹೆಸರು ನೀಲಮ್ಮ. ನನಗಾಗ ಹತ್ತು ವರ್ಷ, ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ.

ಡಿವಿಡಿ ಬಂದದ್ದು ಅವಳ ಜೊತೆಗೆ. ಪ್ಲೇಯರನ್ನು ನಾವು ಡಿವಿಡಿ ಎನ್ನುತ್ತಿದ್ದೆವು, ಅದರೊಳಗೆ ಹಾಕುವ ತಟ್ಟೆಗೆ ಸೀಡಿ. ಹೊಸ ಸೊಸೆ ತಂದ ಸಾಮಾನನ್ನು ಪಡಸಾಲೆಯಲ್ಲಿ ಹರಡಿ ಓಣಿಯ ಹೆಂಗಸರಿಗೆ ತೋರಿಸುವುದು ನಮ್ಮಲ್ಲಿ ರೂಢಿ. ಹಂಡೆ, ಕೊಡ, ಪರಾತ, ಬೀರು, ಇವುಗಳ ನಡುವೆ ಥರ್ಮಾಕೋಲಿನಲ್ಲಿ ಕೂತ ಆ ಕಪ್ಪು ಪೆಟ್ಟಿಗೆ. ಅಜ್ಜಿ ಕೊಡಗಳನ್ನು ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿದಳು, ಪರಾತದ ಅಂಚು ಸವರಿದಳು. ಡಿವಿಡಿಯ ಹತ್ತಿರ ಬಂದಾಗ ಅದನ್ನೂ ಬಡಿದು ನೋಡಿದಳು.

"ಇದರಾಗ ಏನು ಬೇಯ್ತೈತಿ?"

ಹೆಂಗಸರೆಲ್ಲ ನಕ್ಕರು. ಚಿಗವ್ವನ ಅಣ್ಣ ಮರುಳಸಿದ್ದಣ್ಣ ಮಾತ್ರ ನಗದೆ, ಪರೀಕ್ಷೆಯಲ್ಲಿ ಉತ್ತರ ಹೇಳುವವನ ಹಾಗೆ ಕೈ ಕಟ್ಟಿ, "ಸಿನಿಮಾ ನೋಡಬಹುದ್ರಿ, ಆಟ ನೋಡಬಹುದ್ರಿ, ಲಗ್ನದ ಸೀಡಿನೂ ನಡೀತೈತ್ರಿ" ಎಂದ. ಅವನು ತಮ್ಮೂರು ಇಟ್ಟಿಗಿಯಲ್ಲಿ ಹೊಲ ಮಾಡಿಕೊಂಡಿದ್ದವ, ಮಾತು ಕಡಿಮೆ. ಒಂದು ತಿಂಗಳಾಗುವಷ್ಟರಲ್ಲಿ ಅಜ್ಜಿಗೆ ರಾಜರು, ರಾಕ್ಷಸರು ಕುಣಿಯುವ ದೊಡ್ಡಾಟದ ಸೀಡಿಗಳ ಹುಚ್ಚು ಹಿಡಿಯಿತು. ದೀಪ ಹಚ್ಚಿ, ಎಲೆ ಅಡಿಕೆಯ ತಟ್ಟೆ ಹಿಡಿದು ಕಂಬಕ್ಕೆ ಬಂದು ಕೂತಳೆಂದರೆ ಯಾರಾದರೂ ಸೀಡಿ ಹಾಕಲೇಬೇಕು. ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಕೆಮ್ಮುತ್ತಿದ್ದಳು.

ಮಧ್ಯಾಹ್ನ ಅದು ಚಿಗವ್ವನದಾಗುತ್ತಿತ್ತು. ಅಜ್ಜಿ ಮಲಗಿದ ಮೇಲೆ ಅವಳು ತನ್ನ ಲಗ್ನದ ಸೀಡಿ ಹಾಕಿ, ಸಪ್ಪಳ ಪೂರ್ತಿ ಇಳಿಸಿ, ಒಂದೇ ಒಂದು ಭಾಗ ನೋಡುತ್ತಿದ್ದಳು. ಅಕ್ಕಿಕಾಳು ಹಾಕಲು ಅವಳ ತವರಿನವರು ಸಾಲಾಗಿ ಬರುತ್ತಾರೆ. ಅವರವ್ವ, ಅಣ್ಣ, ಅತ್ತಿಗೆ, ಮೂಗು ಸುರಿಸಿಕೊಂಡ ಒಂದು ಪುಟ್ಟ ಕೂಸು. ನಾನು ಶಾಲೆಗೆ ರಜೆಯಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದೆ. "ಇಕೀ ನಮ್ಮವ್ವ, ನೋಡ, ಹೆಂಗ ಅಳಾಕತ್ಯಾಳ" ಎಂದು ಪಿಸುಗುಟ್ಟುವಾಗ ಚಿಗವ್ವನ ಮುಖ ಬೇರೆಯೇ ಆಗುತ್ತಿತ್ತು. ಆ ಹತ್ತು ನಿಮಿಷ ಅವಳು ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ. ನನಗೆ ಅವಳ ಮೇಲೆ ವಿಪರೀತ ಪ್ರೀತಿ. ಅದಕ್ಕೇ ನಾನು ಮಾಡಿದ ಕೆಲಸ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಯುಧ ಪೂಜೆಯ ದಿನ ಅಪ್ಪ ಅಂಗಡಿಯ ತಕ್ಕಡಿ ತೊಳೆಯುತ್ತಿದ್ದ, ಚಿಗಪ್ಪ ತನ್ನ ಲಗೇಜ್ ಆಟೋ ತೊಳೆದುಕೊಂಡು ಸ್ಟ್ಯಾಂಡಿನ ಪೂಜೆಗೆ ಹೋಗಿದ್ದ, ಅವ್ವ ಮತ್ತು ಚಿಗವ್ವ ಹೋಳಿಗೆಯ ಹೂರಣದಲ್ಲಿ ಮುಳುಗಿದ್ದರು. ಅಜ್ಜಿ ದೇವರ ಮುಂದಿನಿಂದ ವಿಭೂತಿಯ ಬಟ್ಟಲು ತಂದು ನನ್ನ ಕೈಗಿಟ್ಟಳು.

"ಕೊಟ್ರೀ, ಮನ್ಯಾಗ ದುಡಿಯೋ ಸಾಮಾನ ಯಾವುದನ್ನೂ ಬಿಡಬ್ಯಾಡ. ಒಂದೊಂದಕ್ಕೂ ಹಚ್ಚಿ ಕೈ ಮುಗಿ. ಬಿಟ್ಟಿ ಅಂದ್ರ ಅದು ಮುನಿಸ್ಕೋತೈತಿ."

ಬಟ್ಟಲು ನನ್ನ ಕೈಗೆ ಬಂದದ್ದು ಅದೇ ಮೊದಲು. ಹಿಗ್ಗಿ ಹೋದೆ. ಬೀಸುವ ಕಲ್ಲು, ಒಳಕಲ್ಲು, ಮಿಕ್ಸರು, ಹೊಲಿಗೆ ಮಷೀನು, ಸ್ಟೂಲು ಹತ್ತಿ ಫ್ಯಾನಿನ ಮೂರು ರೆಕ್ಕೆಗೂ ಹಚ್ಚಿದೆ. ಕೊನೆಗೆ ಡಿವಿಡಿ. ಮೇಲೆ ಮೂರು ಬೆರಳಿನಿಂದ ಎಳೆದೆ, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೇಲಿನದು ಬರೀ ಡಬ್ಬಿ, ದುಡಿಯುವುದು ಒಳಗಿರುವುದಲ್ಲವೇ? ಗುಂಡಿ ಒತ್ತಿದೆ, ಟ್ರೇ ಹೊರಗೆ ಬಂತು. ಕರೆಂಟಿನ ಸಾಮಾನಿಗೆ ನೀರು ತಾಗಿಸಬಾರದೆಂದು ನನಗೆ ಗೊತ್ತಿತ್ತು. ಹಾಗಾಗಿ ಬಹಳ ಬುದ್ಧಿವಂತಳ ಹಾಗೆ ವಿಭೂತಿಯನ್ನು ಕಲಸದೆ ಒಣ ಪುಡಿಯನ್ನೇ ಮೂರು ಚಿಟಿಕೆ ಸುರಿದೆ. ನಡುವೆ ಒಂದಿಷ್ಟು ಕುಂಕುಮ. ಚಿಗವ್ವನ ಡಿವಿಡಿ ಎಲ್ಲಕ್ಕಿಂತ ಚೆನ್ನಾಗಿ ದುಡಿಯಲಿ ಎಂದು ಬೇರೆಯದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿದೆ. ಕೈ ಮುಗಿದು ಟ್ರೇ ಒಳಗೆ ತಳ್ಳಿದೆ.

ಮೂರನೆಯ ಸಂಜೆ ದೊಡ್ಡಾಟದ ರಾಕ್ಷಸ ಗದೆ ಎತ್ತಿದವನು ಎತ್ತಿಕೊಂಡೇ ನಿಂತ. ಅವನ ಮುಖ ಚೌಕ ಚೌಕವಾಗಿ ಒಡೆಯಿತು. "ಎಲವೋ, ಎಲವೋ, ಎಲವೋ" ಎಂದು ಬಡಬಡಿಸಿ, ಸೀಡಿ ಗಪ್ಪನೆ ಮುಂದಕ್ಕೆ ಹಾರಿತು. ನೋಡಿದರೆ ರಾಕ್ಷಸ ಸತ್ತು ಬಿದ್ದಿದ್ದಾನೆ.

"ಯಾರು ಹೊಡದ್ರು ಅವನ್ನ?" ಅಜ್ಜಿ ಗಾಬರಿಯಾದಳು.

ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಸೀಡಿ ತೆಗೆದು ಬನಿಯನ್ನಿಗೆ ತಿಕ್ಕಿದ. ಚಿಗಪ್ಪ ಡಬ್ಬಿಯ ತಲೆಯ ಮೇಲೆ ಎರಡು ಏಟು ಬಿಟ್ಟ. ಮರುದಿನ ಪಕ್ಕದ ಮನೆಯವರ ಮಾತು ಕೇಳಿ ಸೀಡಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತೊಳೆದರು. ಬೇರೆ ಸೀಡಿ ಹಾಕಿದರು, ಅದೂ ಹಾರಿತು. ಲಗ್ನದ ಸೀಡಿಯಲ್ಲಿ ಚಿಗವ್ವನ ಅವ್ವ ಅಕ್ಕಿಕಾಳು ಹಾಕಲು ಕೈ ಎತ್ತುವಾಗ ನಿಂತು, ಮುಂದೆ ಊಟದ ಪಂಕ್ತಿಗೆ ಹೋಗಿಬಿಡುತ್ತಿತ್ತು. ಅಪ್ಪ ಅಂಗಡಿಯೊಂದರಿಂದ ಸಣ್ಣ ಬ್ರಷ್ಷು ಅಂಟಿಸಿದ ಸೀಡಿ ತಂದ. ಅದನ್ನು ಹಾಕಿ ತಿರುಗಿಸಿದರೆ ಒಳಗೆಲ್ಲ ಚೊಕ್ಕಟವಾಗುತ್ತದಂತೆ. ಹಾಕಿದ ಮೇಲೆ ಮೊದಲಿಗಿಂತ ಕೆಟ್ಟು ಹೋಯಿತು. ಆ ಬ್ರಷ್ಷಿನ ಸೀಡಿ ಹೊರಗೆ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಬ್ರಷ್ಷಿನ ಕೂದಲಿಗೆ ಬೂದಿ ಬಣ್ಣದ ಪುಡಿ ಮೆತ್ತಿತ್ತು, ಅದರಲ್ಲಿ ಒಂದೆರಡು ಕೆಂಪು ಕಣ. ಅಪ್ಪ "ಧೂಳು" ಎಂದು ಊದಿಬಿಟ್ಟ. ಆ ಧೂಳು ನನ್ನ ಮುಖಕ್ಕೆ ಬಂತು. ದೇವರ ಮುಂದಿನ ವಾಸನೆ. ನಾನು ಸುರಿದದ್ದೇ ಅದು.

ಆಗಲೇ ಹೇಳಬಹುದಿತ್ತಲ್ಲ ಎಂದು ನನ್ನ ಮಗಳು ಈಗ ಕೇಳುತ್ತಾಳೆ. ಕೂಡುಮನೆಯಲ್ಲಿ ಬೆಳೆಯದವರಿಗೆ ಅದನ್ನು ವಿವರಿಸುವುದು ಕಷ್ಟ. ಕೂಡುಮನೆಯಲ್ಲಿ ಮಕ್ಕಳ ತಪ್ಪು ಮಕ್ಕಳದಲ್ಲ, ಹಡೆದವಳದು. ಹಿರಿ ಸೊಸೆಯ ಮಗಳು ಕಿರಿ ಸೊಸೆ ತಂದ ಸಾಮಾನಿಗೆ ಬೂದಿ ಸುರಿದಳೆಂದರೆ, ಸುರಿಯಲು ಹೇಳಿಕೊಟ್ಟವರು ಯಾರು ಎಂಬುದೇ ಮುಂದಿನ ಪ್ರಶ್ನೆ. ಅವ್ವ ಲಗ್ನವಾಗಿ ಬರುವಾಗ ತಂದಿದ್ದ ಗೋಡೆ ಗಡಿಯಾರ ಆರು ತಿಂಗಳಿಗೆ ನಿಂತುಹೋಗಿ, ಅದರ ಮಾತನ್ನು ಅವಳು ಹನ್ನೊಂದು ವರ್ಷ ಕೇಳಿದ್ದಳು. "ನೀಲಾ ತಂದಿದ್ದು ಕಂಡು ಹಿರೇಕಿ ಹೊಟ್ಟಿ ಉರಕೊಂಡ್ಲು" ಎಂದು ಓಣಿ ಮಾತಾಡುವುದನ್ನು ನಾನು ಆಗಲೇ ಕಿವಿಯಲ್ಲಿ ಕೇಳುತ್ತಿದ್ದೆ. ಹತ್ತು ವರ್ಷಕ್ಕೇ ಇದೆಲ್ಲ ತಿಳಿಯುತ್ತಿತ್ತೇ ಅಂದರೆ, ಹೌದು, ತಿಳಿಯುತ್ತಿತ್ತು. ಒಲೆಯ ಮುಂದಿನ ಮಾತು ಕೇಳುತ್ತ ಬೆಳೆದವರಿಗೆ ಅದೇ ಮೊದಲ ಪಾಠ.

ಅಜ್ಜಿಯ ಬಾಯಿ ಶುರುವಾಯಿತು. ಮೊದಲು ತಮಾಷೆಯ ಹಾಗೆ, "ಇಟ್ಟಿಗಿ ಡಬ್ಬಿ, ಕುಂಟಾಕ ಹತ್ತೈತಿ" ಎಂದಳು. ಆಮೇಲೆ ಓಣಿಯ ಹೆಂಗಸರು ಬಂದು ಕೂತಾಗ, ಚಿಗವ್ವ ಚಹಾ ಕೊಡುವಾಗಲೇ, "ಯಾರೋ ಬಳಸಿ ಬಿಟ್ಟಿದ್ದನ್ನ ಒರಸಿ ಕೊಟ್ಟಾರವಾ, ನಮಗೇನು ತಿಳೀತೈತಿ" ಎಂದಳು. ಚಿಗವ್ವ ತಟ್ಟೆ ಇಳಿಸಿ ಒಳಗೆ ಹೋದಳು. ಆ ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ನಾನು ಹಿಟ್ಟಿನ ಪರಾತದ ಹತ್ತಿರ ಕೂತಿದ್ದೆ. ರೊಟ್ಟಿ ಬಡಿಯುವ ಸಪ್ಪಳದ ನಡುವೆ ಅವಳು ನನ್ನ ಕಡೆ ನೋಡದೆ ಮಾತಾಡಿದಳು.

"ನಮ್ಮಣ್ಣ ಹರಪನಹಳ್ಳಿಗೆ ಹೋಗಿ ನಾಲ್ಕು ಅಂಗಡಿ ತಿರುಗಿ ತಂದಾನ. ಬಸ್ಸಿನ್ಯಾಗ ತೊಡಿ ಮ್ಯಾಲಿಂದ ಇಳಸಲಿಲ್ಲಂತ. ನಿಂತೋರಿಗೆಲ್ಲ ಸರೀರಿ, ಸರೀರಿ ಅನಕೋತ ಬಂದಾನ. ಹಳೇದು ಅಂತಾರಲ್ಲ ಕೊಟ್ರಿ, ಈ ಮಾತು ಅವನ ಕಿವಿಗಿ ಬಿದ್ರ ಹೆಂಗ?"

"ಚಿಗವ್ವಾ," ಎಂದೆ.

"ಏನವಾ?"

"ರೊಟ್ಟಿ ಸೀಯಾಕತ್ತೈತಿ."

ಅವಳು ಗಾಬರಿಯಿಂದ ಹಂಚಿನ ಕಡೆ ತಿರುಗಿದಳು. ರೊಟ್ಟಿ ಸೀದಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಎದ್ದು ಹಿತ್ತಲಿಗೆ ಓಡಿದೆ.

ದೀಪಾವಳಿಗೆ ಒಂದು ವಾರವಿತ್ತು. ಲಗ್ನವಾದ ಮೊದಲ ದೀಪಾವಳಿಗೆ ಮಗಳನ್ನು ತವರಿಗೆ ಕರೆಯಲು ಅಣ್ಣನೋ ಅಪ್ಪನೋ ಬರಬೇಕು, ಹಬ್ಬ ಮುಗಿಸಿ ಗಂಡನ ಮನೆಯವರು ಹೋಗಿ ಕರೆತರಬೇಕು. ಮರುಳಸಿದ್ದಣ್ಣ ಬರುವ ದಿನವೂ ಗೊತ್ತಾಗಿತ್ತು. ಎಲ್ಲರೂ ಉಣ್ಣಲು ಕೂತಿದ್ದೆವು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಅಜ್ಜಿ ರೊಟ್ಟಿ ಮುರಿಯುತ್ತ, ಹವಾಮಾನದ ವಿಷಯ ಹೇಳುವವಳ ಹಾಗೆ ಹೇಳಿದಳು.

"ಕರಿಯಾಕ ಬರ್ತಾನಲ್ಲ ಆಕಿ ಅಣ್ಣ, ಆ ಡಬ್ಬಿನೂ ಕಟ್ಟಿ ಕೊಟ್ಟು ಕಳಸ್ರಿ. ಒಳ್ಳೇದು ಸಿಕ್ಕ ಮ್ಯಾಲ ಇಬ್ಬರೂ ಕೂಡೇ ಬರ್ಲಿ, ಡಬ್ಬಿನೂ ಆಕಿನೂ."

ಅಪ್ಪ ಕೆಮ್ಮಿದ. ಚಿಗಪ್ಪ ತುತ್ತು ಕೈಯಲ್ಲಿ ಹಿಡಿದವನು ಬಾಯಿಗೆ ಇಡಲಿಲ್ಲ. ತಂದ ಸಾಮಾನನ್ನು ತವರಿಗೆ ತಿರುಗಿ ಕಳಿಸುವುದೆಂದರೆ ನಮ್ಮ ಕಡೆ ಬರೀ ಸಾಮಾನಿನ ಮಾತಲ್ಲ. ಹೆಣ್ಣು ಕೊಟ್ಟವರ ಮುಖಕ್ಕೆ ಉಗುಳಿದ ಹಾಗೆ. ಅವರೂ ಸಿಟ್ಟಿಗೆದ್ದು "ನಮ್ಮ ಹುಡುಗಿ ಇಲ್ಲೇ ಇರ್ಲಿ" ಎಂದರೆ ಮುಗಿಯಿತು. ಅಡುಗೆಮನೆಯಲ್ಲಿ ಚಿಗವ್ವನ ಬಳೆ ಸಪ್ಪಳ ನಿಂತಿತು. ನನ್ನ ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಶಾಲೆಯಲ್ಲಿ ಗುರುಗಳು ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಬೆಚ್ಚಿಬೀಳುತ್ತಿದ್ದೆ. ಯಾರೂ ಇಲ್ಲದಾಗ ಹೋಗಿ ಟ್ರೇ ತೆಗೆದು ಬಟ್ಟೆಯ ತುದಿಯಿಂದ ಒರೆಸಿದೆ, ಬಗ್ಗಿ ಊದಿದೆ. ಊದಿದ್ದೆಲ್ಲ ಇನ್ನೂ ಒಳಗೆ ಹೋಯಿತೇನೋ ಎಂಬ ಭಯ ಬೇರೆ. ಅಜ್ಜಿ ನನಗೆ ಯಾರದೋ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಎಲ್ಲರಿಗೂ ಕೆಮ್ಮು ಬಂತು. ಆಮೇಲೆ ಅದೇ ಬಟ್ಟಲು ತಂದು ನನ್ನ ಹಣೆಗೆ ಅಡ್ಡ ವಿಭೂತಿ ಎಳೆದು, "ಸಣ್ಣ ಕೂಸು, ಏನು ಕಂಡು ಹೆದರಿತೋ" ಎಂದು ತಲೆ ಸವರಿದಳು. ಅವಳ ಒರಟು ಅಂಗೈ ನೆತ್ತಿಯ ಮೇಲಿದ್ದಾಗ ನನಗೆ ಅಳು ಬಂತು. ಅಜ್ಜಿಯ ಮೇಲೆ ಸಿಟ್ಟೂ ಇತ್ತು, ಅವಳ ಮಡಿಲಲ್ಲಿ ಮುಖ ಮುಚ್ಚಿಕೊಳ್ಳಬೇಕು ಅಂತಲೂ ಇತ್ತು.

ಮರುಳಸಿದ್ದಣ್ಣ ಬರುವ ಹಿಂದಿನ ದಿನ ಚಿಗಪ್ಪ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿದ. ಕೊಟ್ಟೂರಿನಲ್ಲಿ ತೋರಿಸಿದರೆ ಊರೆಲ್ಲ ಸುದ್ದಿಯಾಗುತ್ತದೆಂದು ಕೂಡ್ಲಿಗಿಗೆ ಒಯ್ಯುವ ಯೋಚನೆ, ಅಲ್ಲಿಗೆ ಅವನಿಗೊಂದು ಲೋಡೂ ಇತ್ತು. ಡಬ್ಬಿ ಹಿಡಿದು ಕೂರಲು ಯಾರಾದರೂ ಬೇಕಿತ್ತು. ಶಾಲೆಗೆ ರಜೆ, ನನ್ನನ್ನು ಕರೆದ. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು. ಆಟೋ ತಗ್ಗಿಗೆ ಬಿದ್ದಾಗಲೆಲ್ಲ ನಾನು ಅದನ್ನು ಎತ್ತಿ ಹಿಡಿಯುತ್ತಿದ್ದೆ, ಕೈ ಸೋತುಹೋದವು. ಕೆಟ್ಟಿರುವುದು ತಾನಾಗಿಯೇ ಸರಿಯಾಗಲಿ, ಒಳಗೇನಿತ್ತು ಅಂತ ಯಾರಿಗೂ ಕಾಣದಿರಲಿ ಎಂದು ಗೊತ್ತಿದ್ದ ದೇವರಿಗೆಲ್ಲ ಬೇಡಿಕೊಂಡೆ. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಒಳಗೊಳಗೇ ಗೊತ್ತಿತ್ತು.

ರಿಪೇರಿ ಅಂಗಡಿಯ ಬಾಷಾಣ್ಣ ಚಿಗಪ್ಪನಿಗೆ ಪರಿಚಯದವನು. ಮೂಗಿನ ತುದಿಗೆ ಇಳಿಬಿಟ್ಟ ಕನ್ನಡಕ, ಮೇಜಿನ ತುಂಬ ಬಿಚ್ಚಿದ ರೇಡಿಯೋ, ಟೇಪ್ ರೆಕಾರ್ಡರುಗಳು. ಮೊದಲು ತಾನು ತಂದಿಟ್ಟ ಹೊಸ ಸೀಡಿ ಹಾಕಿ ನೋಡಿದ. ಅದೂ ಹಾರಿತು. "ಸೀಡಿದೇನೂ ತಪ್ಪಿಲ್ರಿ, ರೋಗ ಒಳಗೈತಿ" ಎಂದು ಪ್ಲಗ್ ಕಿತ್ತು, ಹಿಂದಿನ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಒಂದು ಮುಚ್ಚಳದಲ್ಲಿಟ್ಟ. ಮೇಲಿನ ತಗಡು ಎತ್ತಿದ. ಬಗ್ಗಿದ. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ಬಗ್ಗಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಬಸಣ್ಣಾರ, ಇದಕ್ಕೂ ದೀಕ್ಷಾ ಕೊಡಿಸಿಬಿಟ್ಟೀರಲ್ರೀ!"

ಚಿಗಪ್ಪ ನೋಡಿದ. ನಾನೂ ನೋಡಿದೆ. ಗುಬ್ಬಿ ಕಣ್ಣಿನಷ್ಟು ಸಣ್ಣ ಗಾಜು, ಅದರ ಮೇಲೆ ತೆಳ್ಳಗೆ ಬೂದಿ. ಸುತ್ತಲ ಸಂದಿಯಲ್ಲೆಲ್ಲ ವಿಭೂತಿ, ಸೀಡಿ ಕೂರುವ ರಬ್ಬರಿಗೆ ಕುಂಕುಮ. ಬಾಷಾಣ್ಣ ವಿವರಿಸಿದ.

"ಈ ಕಣ್ಣು ಸೀಡಿ ಓದ್ತೈತ್ರಿ. ಕಣ್ಣಿಗೇ ಬೂದಿ ಬಿದ್ರ ಏನು ಓದೀತು? ಒಂದು ಅಕ್ಷರ ಓದ್ತೈತಿ, ನಾಲ್ಕು ಹಾರಿಸ್ತೈತಿ. ಬ್ರಷ್ಷಿನ ಸೀಡಿ ಹಾಕಿದ್ರೇನು? ಇನ್ನೆರಡು ಸಲ ಹಾಕಿದ್ದರ ಗಾಜು ಗೀರಿ ಹೋಗ್ತಿತ್ತು."

ಅವನು ಒರೆಸಲು ಆತುರಪಡಲಿಲ್ಲ. ಮೊದಲು ರಬ್ಬರಿನ ಬುಗ್ಗೆ ಒತ್ತಿ ಒತ್ತಿ ಗಾಳಿ ಊದಿ ಪುಡಿಯನ್ನೆಲ್ಲ ಹೊರಗೆ ಹಾರಿಸಿದ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಗಾಜಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹಗುರಾಗಿ ಒಂದು ಸುತ್ತು ತಿರುಗಿಸಿದ. ಇನ್ನೊಂದು ಒಣ ಹತ್ತಿಯಿಂದ ಇನ್ನೊಂದು ಸುತ್ತು. ರಬ್ಬರು ತೊಳೆದ. ಕಣ್ಣು ಹಿಂದೆ ಮುಂದೆ ಸರಿದಾಡುವ ಕಂಬಿಯ ಮೇಲಿನ ಹಳೆಯ ಗ್ರೀಸಿಗೆ ಬೂದಿ ಅಂಟಿತ್ತು, ಅದನ್ನು ಒರೆಸಿ ಹೊಸ ಗ್ರೀಸು ಹಚ್ಚಿದ. ಅವನ ಬೆರಳುಗಳನ್ನು ನೋಡುತ್ತ ನನ್ನ ಭಯ ಸ್ವಲ್ಪ ಹೊತ್ತು ಮರೆತೇಹೋಯಿತು. ತಗಡು ಮುಚ್ಚಿ ಸೀಡಿ ಹಾಕಿದ. ಹಾಡು ಶುರುವಾಗಿ, ಎಲ್ಲೂ ತಡವರಿಸದೆ ಕೊನೆ ಮುಟ್ಟಿತು. ನನ್ನ ಮೈ ಹಗುರಾಯಿತು. ಡಬ್ಬಿ ತಿರುಗಿ ಹೋಗುವುದಿಲ್ಲ, ಚಿಗವ್ವನೂ ಉಳಿಯುತ್ತಾಳೆ. ಆದರೆ ಬಾಷಾಣ್ಣ ಸುಮ್ಮನಿರಲಿಲ್ಲ.

"ಇದು ಹೊರಗಿಂದ ಹಾರಿ ಬಿದ್ದದ್ದಲ್ರಿ. ಯಾರೋ ಟ್ರೇ ತಗದು ಮುದ್ದಾಂ ಹಾಕ್ಯಾರ."

ಚಿಗಪ್ಪನ ಮುಖ ಕಪ್ಪಾಯಿತು. ಮನೆಯಲ್ಲಿ ವಿಭೂತಿಯ ಬಟ್ಟಲು ಯಾರ ಕೈಯಲ್ಲಿರುತ್ತದೆ ಎಂದು ಅವನು ಯಾರನ್ನೂ ಕೇಳಬೇಕಿರಲಿಲ್ಲ. ತಿರುಗಿ ಬರುವಾಗ, ಊರು ಹತ್ತಿರವಾದಾಗ ತನ್ನ ತಾಯಿಯ ಬಗ್ಗೆ ತನ್ನಷ್ಟಕ್ಕೇ ಎಂಬಂತೆ, "ಅವ್ವ ಇಷ್ಟು ಮಾಡ್ತಾಳ ಅನ್ಕೊಂಡಿರಲಿಲ್ಲ" ಎಂದ. ನನಗೆ ಕೇಳಿಸಿತು. ಅಲ್ಲ ಚಿಗಪ್ಪ, ನಾನು, ಎನ್ನಲು ಬಾಯಿ ತೆರೆದೆ. ಬಾಯಿ ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ, ಮಾತು ಬರಲಿಲ್ಲ.

ಅಜ್ಜಿ ಪಡಸಾಲೆಯಲ್ಲಿ ಹಬ್ಬಕ್ಕೆಂದು ಹತ್ತಿಬತ್ತಿ ಹೊಸೆಯುತ್ತಿದ್ದಳು. ಚಿಗಪ್ಪ ಡಬ್ಬಿಯನ್ನು ಅವಳ ಎದುರಿಗೇ ಇಳಿಸಿದ.

"ಅವ್ವಾ, ಇದರ ಹೊಟ್ಟ್ಯಾಗ ವಿಭೂತಿ ಯಾಕ ಹಾಕಿದಿ?"

"ಏನಂದಿ?"

"ಕೂಡ್ಲಿಗಿ ಬಾಷಾ ಬಿಚ್ಚಿ ತೋರಿಸ್ಯಾನ. ನಾ ಕಣ್ಣಾರೆ ಕಂಡೀನಿ. ನೀಲಾನ್ನ ದಿನಾ ಮಾತಿನ್ಯಾಗ ಸಣ್ಣಾಕಿ ಮಾಡಿದ್ದು ಸಾಲದಾಗಿತ್ತೇನು? ಆಕಿ ತವರು ಮನಿ ಸಾಮಾನ ನೀನ ಕೆಡಸಿ, ನೀನ ವಾಪಸ್ ಕಳಸ್ರಿ ಅಂತಿ?"

"ಬಸ್ಯಾ, ನಾಲಿಗಿ ಹಿಡದು ಮಾತಾಡು. ಈ ಲಿಂಗದ ಮ್ಯಾಲ ಕೈಯಿಟ್ಟು ಹೇಳ್ತೀನಿ..."

ಅಜ್ಜಿಯ ಬಲಗೈ ಕೊರಳಿನ ಕರಡಿಗೆಯ ಮೇಲಿತ್ತು, ಅದರೊಳಗೆ ಅವಳ ಇಷ್ಟಲಿಂಗ. ಹೇಳುತ್ತ ಹೇಳುತ್ತ ಅವಳ ಕಣ್ಣು ಬಾಗಿಲಲ್ಲಿ ನಿಂತ ನನ್ನ ಮೇಲೆ ಬಿತ್ತು. ನಾನು ಹೇಗೆ ನಿಂತಿದ್ದೆನೋ ಗೊತ್ತಿಲ್ಲ. ಅಜ್ಜಿ ನನ್ನನ್ನೇ ನೋಡಿದಳು. ಬಟ್ಟಲು ಯಾರ ಕೈಗೆ ಕೊಟ್ಟಿದ್ದೆ ಎಂಬುದು ಅವಳಿಗೆ ನೆನಪಾದದ್ದನ್ನು ನಾನು ಕಂಡೆ. ಅಷ್ಟರಲ್ಲಿ ಅವ್ವ ಮತ್ತು ಚಿಗವ್ವ ಇಬ್ಬರೂ ಹಿಟ್ಟಿನ ಕೈಯಲ್ಲಿ ಹೊಸ್ತಿಲಿಗೆ ಬಂದು ನಿಂತಿದ್ದರು. ಅಜ್ಜಿ ಅವರಿಬ್ಬರನ್ನೂ ನೋಡಿದಳು. ಆಮೇಲೆ ಕರಡಿಗೆಯ ಮೇಲಿನ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹೂಂ. ನಾನ ಹಾಕೀನಿ. ಪೂಜಿಗಿ ಅಂತ ಹಾಕೀನಿ. ಏನೀಗ?"

ಯಾರೂ ಪೂಜೆಯ ಮಾತನ್ನು ನಂಬಲಿಲ್ಲ. ಚಿಗಪ್ಪ ಹಬ್ಬ ಮುಗಿದ ಮೇಲೆ ಬೇರೆ ಒಲೆ ಹೂಡುತ್ತೇನೆಂದು ಕೂಗಾಡಿದ, ಅಪ್ಪ ಅವನನ್ನು ಅಂಗಡಿಗೆ ಎಳೆದುಕೊಂಡು ಹೋದ. ಅಜ್ಜಿ ಬತ್ತಿ ಹೊಸೆಯುವುದನ್ನು ಮುಂದುವರಿಸಿದಳು. ಚಿಗವ್ವ ಅಜ್ಜಿಯ ಬಗ್ಗಿದ ತಲೆಯನ್ನು ನೋಡುತ್ತ ನಿಂತಳು. ಆ ನೋಟ ನನಗೆ ಸಲ್ಲಬೇಕಾದದ್ದು.

ಬೆಳಿಗ್ಗೆ ಹಿತ್ತಲಲ್ಲಿ ಅಜ್ಜಿ ಒಬ್ಬಳೇ ಹಲ್ಲು ತಿಕ್ಕುತ್ತಿದ್ದಾಗ ಹೋದೆ. "ಅಜ್ಜೀ, ಅದು..." ಎನ್ನುವಷ್ಟರಲ್ಲಿ ಅವಳು ಬಾಯಿ ಮುಕ್ಕಳಿಸಿ ಉಗುಳಿ, ಕೈ ಅಡ್ಡ ಮಾಡಿದಳು.

"ಗೊತ್ತೈತಿ. ಸುಮ್ಮನಿರು. ನಿನ್ನ ಹೆಸರು ಬಂತಂದ್ರ ಅದು ಹೋಗಿ ನಿಮ್ಮವ್ವಗ ತಟ್ತೈತಿ. ಅವರಿಬ್ಬರೂ ಜೀವ ಇರೋಮಟ ಒಂದ ಒಲೀ ಮುಂದ ಕುಂದ್ರಬೇಕು. ನಂದೇನು, ನಾಲ್ಕು ದಿನ ಮುಖ ಊದಿಸ್ತಾರ, ಮರೀತಾರ. ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ."

ನಾಲ್ಕು ದಿನದ ಲೆಕ್ಕ ತಪ್ಪಿತು. ಆ ಮಧ್ಯಾಹ್ನ ಮರುಳಸಿದ್ದಣ್ಣ ಬಂದ, ಹೋಳಿಗೆ ಉಂಡ, ಡಿವಿಡಿ ಚೆನ್ನಾಗಿ ನಡೆಯುವುದನ್ನು ನೋಡಿ ಖುಷಿಪಟ್ಟ, ಅವನಿಗೆ ಏನೂ ತಿಳಿಯಲಿಲ್ಲ. ಚಿಗವ್ವ ಹಬ್ಬ ಮುಗಿಸಿ ತಿರುಗಿ ಬಂದಳು. ಬೇರೆ ಒಲೆಯ ಮಾತು ತಣ್ಣಗಾಯಿತು. ಅವ್ವ ಮತ್ತು ಚಿಗವ್ವ ಅಕ್ಕತಂಗಿಯರ ಹಾಗಾದರು, ಅಜ್ಜಿ ಬಯಸಿದ್ದು ಅದನ್ನೇ. ಆದರೆ ಚಿಗವ್ವ ಅಜ್ಜಿಯ ಜೊತೆ ಬೇಕಾದಷ್ಟೇ ಮಾತಾಡಿದಳು. "ಉಣ್ಣಾಕ ಬರ್ರಿ", "ನೀರು ಕಾದೈತ್ರಿ", ಅಷ್ಟು. ಅವಳಿಗೆ ಇಬ್ಬರು ಮಕ್ಕಳಾದರು, ಅವರನ್ನು ಅಜ್ಜಿಯ ತೊಡೆಯ ಮೇಲೆ ತಾನಾಗಿ ಒಮ್ಮೆಯೂ ಹಾಕಲಿಲ್ಲ. ಅಜ್ಜಿ ಸಂಜೆ ಟಿವಿ ಹಚ್ಚಿದಾಗ ಎದ್ದು ಹೊರಗಿನ ಕಟ್ಟೆಗೆ ಹೋಗತೊಡಗಿದಳು. ನಾನು ಎಲ್ಲವನ್ನೂ ನೋಡುತ್ತ ಬೆಳೆದೆ. ಹದಿನೈದಕ್ಕೆ, ಹದಿನೆಂಟಕ್ಕೆ, ಕೆಲಸ ಸಿಕ್ಕಾಗ, ಪ್ರತಿ ಸಲವೂ ಈಗ ಹೇಳಿಬಿಡಬೇಕು ಅಂದುಕೊಂಡೆ. ಅಜ್ಜಿ ಬೇಡ ಎಂದಿದ್ದಳಲ್ಲ ಎಂಬ ನೆಪ ಕೈಯಲ್ಲೇ ಇತ್ತು. ಈಗ ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ಯಾರ ಕಡತ ಕಾಣೆಯಾದರೂ "ನನ್ನಿಂದಲೇ ಆಗಿರಬೇಕು ಸಾರ್" ಎಂದು ಮೊದಲು ಹೇಳುವವಳು ನಾನು. ಜೊತೆಯವರು ನಗುತ್ತಾರೆ. ನಗಲಿ, ಸುಮ್ಮನಿದ್ದರೆ ಏನಾಗುತ್ತದೆಂದು ನನಗೆ ಗೊತ್ತು.

ಅಜ್ಜಿ ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಳು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಹೆಚ್ಚು ಮಾಡಿದವಳು ಚಿಗವ್ವನೇ. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಹತ್ತಿರ ಕೂರಲಿಲ್ಲ. ಅಜ್ಜಿ ಹೋದ ಮೂರು ವರ್ಷಕ್ಕೆ, ಅಂದರೆ ಹೋದ ಬೇಸಿಗೆಯಲ್ಲಿ, ನಾನು ಕೊಟ್ಟೂರಿಗೆ ಹೋಗಿದ್ದಾಗ ಚಿಗವ್ವ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ತೊಟ್ಟು ಬಿಡಿಸತೊಡಗಿದೆ. ಮಾತು ಹೇಗೋ ಅಜ್ಜಿಯ ಕಡೆ ಹೊರಳಿತು. "ಭಾಳ ಗಟ್ಟಿ ಮನಸಿನಾಕಿ. ಪೂಜಿ ಹೆಸರಿಲೇ ನನ್ನ ತವರಿಗೆ ಬೂದಿ ಹಾಕಿದಾಕಿ" ಎಂದಳು. ಸಿಟ್ಟಿನಿಂದಲ್ಲ, ಅಭ್ಯಾಸದ ಮಾತಿನ ಹಾಗೆ. ಆಗ ಹೇಳಿದೆ. ಬಟ್ಟಲು, ಒಣ ಪುಡಿ, ಮೂರು ಚಿಟಿಕೆ, ಅಜ್ಜಿ ಕರಡಿಗೆಯಿಂದ ಕೈ ತೆಗೆದದ್ದು, ಹಿತ್ತಲಲ್ಲಿ ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದೆ. ಬೈಯಲಿ, ಹೊಡೆಯಲಿ, ಮುಖ ತಿರುಗಿಸಲಿ ಎಂದು ಕಾದೆ.

ಚಿಗವ್ವ ಮೆಣಸಿನಕಾಯಿಯ ಕೈಯಿಂದ ಕಣ್ಣು ಒರೆಸಿಕೊಳ್ಳಲು ಹೋದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಕಡೀ ದಿನ ನೀರು ಕೇಳಿದ್ಲು, ಕುಡಿಸಿದೆ" ಎಂದಳು. "ಕೈ ಹಿಡಕೊಂಡ್ಲು. 'ನೀಲಾ, ಒಂದೀಟು ಕುಂದ್ರವಾ' ಅಂದ್ಲು. ಕೆಲಸ ಐತ್ರಿ ಅಂತ ಕೈ ಬಿಡಿಸಿಕೊಂಡು ಬಂದೆ."

ನಾನು ಅವಳ ಮಣಿಕಟ್ಟನ್ನು ಬಿಡಲಿಲ್ಲ.

"ಕೆಲಸ ಏನೂ ಇರಲಿಲ್ಲ, ಕೊಟ್ರಿ."